ಗಾಜು ಕೈಲಿದ್ದಾಗ

ನಮ್ಮ ಅಂಗಡಿಯಲ್ಲಿ ಗಾಜು ಕೈಯಲ್ಲಿದ್ದಾಗ ಯಾರೂ ಮಾತಾಡುವ ಹಾಗಿಲ್ಲ. ದೊಡ್ಡ ಗಾಜನ್ನು ಇಬ್ಬರು ಹೊರುತ್ತಾರೆ. ಮುಂದಿನವನಿಗೆ ದಾರಿ ಕಾಣುತ್ತದೆ, ಹಿಂದಿನವನಿಗೆ ಮುಂದಿನವನ ಬೆನ್ನಷ್ಟೇ. ಆಗ ಬಾಯಿಂದ ಬರಬಹುದಾದ ಮಾತು ಮೂರೇ: ಎತ್ತು, ನಿಲ್ಲು, ಬಿಡು. ಒಬ್ಬ ಅಂದದ್ದನ್ನು ಇನ್ನೊಬ್ಬ ಯಾಕೆ, ಏನು ಎಂದು ಕೇಳದೆ ಮಾಡಬೇಕು. ಇದು ನನ್ನ ಗಂಡ, ಅಂದರೆ ನಮ್ಮ ಯಜಮಾನರು, ಮಾಡಿದ ಕಟ್ಟಳೆ. ಅವರು ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು, ಕಟ್ಟಳೆಯೂ ನನ್ನದಾಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಅದನ್ನು ಮುರಿಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹೊರುವವರಲ್ಲಿ ಒಬ್ಬ ಏಣಿ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ. ಆದರೆ ಆ ಎತ್ತರಕ್ಕೆ ಇನ್ಯಾವ ಹೆಸರೂ ಒಪ್ಪುವುದಿಲ್ಲ ಎಂದು ಯಜಮಾನರು ಹಾಗೆ ಕರೆದರು, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಗಡಿಯಾಚೆಯಿಂದ ಬಂದವನು. ಬಂದಾಗ ಮೀಸೆ ಚಿಗುರುತ್ತಿತ್ತು, ಈಗ ಅದು ನರೆತಿದೆ. ಇಬ್ಬರು ಹೆಣ್ಣುಮಕ್ಕಳೂ ಇಲ್ಲೇ ಹುಟ್ಟಿದವರು.

ಇನ್ನೊಬ್ಬ ನನ್ನ ಒಡಹುಟ್ಟಿದ ಅಣ್ಣ. ನೂಲಿನ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದ. ಮಿಲ್ಲು ಮುಚ್ಚಿದ ಮೇಲೆ, ತಂಗಿಯ ಅಂಗಡಿಯಲ್ಲಿ ಆಳಾಗಲಾರೆ ಎಂದು ಬಿಗುಮಾನ ಮಾಡಿಕೊಂಡು ಮನೆಯಲ್ಲೇ ಕೂತ. ನಾನು ಕರೆದು ಕರೆದು ಬೈದು ಸುಮ್ಮನಾದೆ. ಕೊನೆಗೆ ಏಣಿ ಹೋಗಿ, "ಅಕ್ಕನಿಗೆ ಆಳು ಬೇಡ ಅಣ್ಣ, ನನಗೊಬ್ಬ ಜೊತೆ ಬೇಕು," ಎಂದು ಕರೆತಂದ. ಗಾಜಿನ ಅಂಚನ್ನು ಎಲ್ಲಿ ಹಿಡಿಯಬೇಕು, ಗಾಳಿ ಬೀಸಿದರೆ ಯಾವ ಕಡೆಗೆ ತಿರುಗಬೇಕು ಎಂದು ಅಣ್ಣನಿಗೆ ಕಲಿಸಿದವನೂ ಅವನೇ.

ಚುನಾವಣೆ ಬಂತು. ಈ ಸಲ ಹೊಸ ಪಕ್ಷವೊಂದು ಎದ್ದಿತ್ತು. "ಮೊದಲು ನಮ್ಮವರು" ಎಂಬುದು ಅವರ ಮಾತು. ನಮ್ಮವರಲ್ಲದವರು ಗಂಟುಮೂಟೆ ಕಟ್ಟಬೇಕು ಎಂಬುದು ಆ ಮಾತಿನ ಬಾಲ. ಅಣ್ಣ ಅವರ ಬಿಲ್ಲೆಯನ್ನು ಕೆಲಸದ ಅಂಗಿಗೆ ಚುಚ್ಚಿಕೊಂಡು ಬಂದ. ನಾನು ನೋಡಿಯೂ ನೋಡದವಳ ಹಾಗಿದ್ದೆ.

ಮಧ್ಯಾಹ್ನ ಗಾಜು ಕತ್ತರಿಸುವ ಮೇಜಿನ ಸುತ್ತ ಚಹಾ ಕುಡಿಯುವುದು ನಮ್ಮಲ್ಲಿ ರೂಢಿ. ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರು ಇಳಿದು ಬರುತ್ತಾರೆ, ಪಕ್ಕದ ಔಷಧದ ಅಂಗಡಿಯಾಕೆ ಬಾಗಿಲು ಅರ್ಧ ಎಳೆದು ಬರುತ್ತಾಳೆ. ಆ ದಿನಗಳಲ್ಲಿ ಚಹಾ ಆರುತ್ತಿತ್ತೇ ಹೊರತು ಮಾತು ಆರುತ್ತಿರಲಿಲ್ಲ.

"ಹಳೇ ಪಕ್ಷದೋರಿಗೆ ಜೀವಮಾನವೆಲ್ಲ ಓಟು ಹಾಕ್ದೆ," ಎಂದ ಅಣ್ಣ. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂತ ಹೋದ್ರು. ಮಿಲ್ಲು ಮುಚ್ಚಿದ್ರು, ಸುಮ್ಮನಿದ್ವಿ. ಆಸ್ಪತ್ರೆ ಮುಚ್ಚಿದ್ರು, ಸುಮ್ಮನಿದ್ವಿ."

ಅತ್ತಿಗೆಗೆ ಎದೆನೋವು ಬಂದಾಗ ಹತ್ತಿರದ ಆಸ್ಪತ್ರೆಗೆ ಬೀಗ ಬಿದ್ದಾಗಿತ್ತು. ನಮ್ಮ ಗಾಜಿನ ವ್ಯಾನಿನಲ್ಲೇ, ಗಾಜಿಗೆ ಹೊದಿಸುವ ಕಂಬಳಿಗಳ ಮೇಲೆ ಮಲಗಿಸಿ ದೂರದ ಊರಿಗೆ ಹೊರಟೆವು. ಏಣಿ ಗಾಡಿ ಓಡಿಸಿದ, ಅಣ್ಣ ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆ ಆಸ್ಪತ್ರೆಯ ಗೇಟು ಕಾಣುವ ಮೊದಲೇ ಅವಳು ಹೋಗಿಬಿಟ್ಟಳು. ಆಮೇಲೆ ಗೆದ್ದು ಕೂತವರಲ್ಲಿ ಒಬ್ಬನಾದರೂ ಬಂದು ಏನಾಯಿತಪ್ಪಾ ಎಂದು ಕೇಳಲಿಲ್ಲ.

ಅಣ್ಣನ ಮಾತಿಗೆ ಮೇಷ್ಟ್ರು ಮೆಲ್ಲಗೆ, "ನಿನ್ನ ಸಿಟ್ಟು ತಪ್ಪಲ್ಲಪ್ಪ. ಆದ್ರೆ ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?" ಎಂದರು.

"ಮೂಗು ಉಳಿದಿರೋರ ಚಿಂತೆ ಅದು ಮೇಷ್ಟ್ರೇ. ನಿಮಗೆ ಪೆನ್ಷನ್ ಬರುತ್ತೆ."

ಔಷಧದ ಅಂಗಡಿಯಾಕೆ ಲೋಟ ಕೆಳಗಿಟ್ಟಳು. "ನನಗೂ ಅವರ ಮಾತು ಪೂರ್ತಿ ಹಿಡಿಸಲ್ಲ. ಆದ್ರೆ ನಮ್ಮ ಬೀದಿಗೆ ಬಂದು ಬಾಗಿಲು ತಟ್ಟಿದೋರು ಅವರೊಬ್ಬರೇ. ಕೂತು ಕೇಳಿಸ್ಕೊಂಡ್ರು. ಯಾರಿಗೆ ಹಾಕ್ತೀನೋ ನನಗೇ ಗೊತ್ತಿಲ್ಲ."

"ಕೂಗಿದ್ರೆ ಕೇಳಿಸ್ಕೊಳ್ಳದ ಮನೆಗೆ ಕಲ್ಲು ಹೊಡೀಬೇಕು," ಎಂದ ಅಣ್ಣ. "ಈ ಪಕ್ಷ ನನ್ನ ಕಲ್ಲು, ಅಷ್ಟೇ. ನಾನೇನು ಅದನ್ನ ಮುದ್ದಾಡ್ತಿಲ್ಲ."

ನನಗೆ ತಡೆಯಲಾಗಲಿಲ್ಲ. "ಗಾಜಿನಂಗಡೀಲಿ ಕೂತು ಕಲ್ಲು ಹೊಡೀತೀನಿ ಅಂತೀಯಲ್ಲ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ. ಏಣೀನ ಓಡಿಸ್ತಾರಂತಲ್ಲ, ಅದಕ್ಕೇನಂತೀಯ?"

ಅಣ್ಣನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇವನನ್ನ ಯಾಕೆ ಓಡಿಸ್ತಾರೆ? ಇವನು ನಮ್ಮವನು. ಅವರು ಹೇಳ್ತಿರೋದು ಬೇರೆಯೋರನ್ನ."

ಏಣಿ ಗಾಜಿನ ತುಂಡೊಂದನ್ನು ಒರೆಸುತ್ತಿದ್ದ. ತಲೆಯೆತ್ತದೆ ಕೇಳಿದ: "ಓಟಿನ ಚೀಟೀಲಿ ಹಾಗೆ ಬರೆಯೋಕೆ ಜಾಗ ಇರುತ್ತಾ ಅಣ್ಣ? ಏಣಿಯೊಬ್ಬನನ್ನ ಬಿಟ್ಟು, ಅಂತ?"

ಎಲ್ಲರೂ ನಕ್ಕರು, ಅಣ್ಣನೇ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ.

ಅವತ್ತು ಸಂಜೆ ಬಾಗಿಲು ಎಳೆಯುವಾಗ ಏಣಿ ನನ್ನ ಹತ್ತಿರ ನಿಂತ. ಅವನ ಸೋದರಮಾವನಿಗೆ ಬೇರೆ ಊರಿನಲ್ಲಿ ಗಾಜಿನ ಅಂಗಡಿಯಿದೆ, ಬಾ ಬಾ ಎಂದು ಕರೆಯುತ್ತಿದ್ದಾರೆ ಎಂದ.

"ಊರೆಲ್ಲ ಬೇಕಾದ್ರೆ ಅವರಿಗೇ ಹಾಕಲಿ ಅಕ್ಕ, ತಡ್ಕೋತೀನಿ. ಆದ್ರೆ ಅಣ್ಣ ಹಾಕಿದ್ರೆ ನಾನಿಲ್ಲಿ ಇರೋಕಾಗಲ್ಲ. ಗಾಜಿನ ಆ ತುದೀಲಿ ಇರೋರು ಅವರಲ್ವಾ?"

"ಇದನ್ನ ಅವನಿಗೇ ಹೇಳು. ಇಲ್ಲ ನಾನು ಹೇಳ್ತೀನಿ, ಕಿವಿ ಹಿಂಡಿ ಹೇಳ್ತೀನಿ."

"ಬೇಡ. ಹೆದರಿಸಿ ಒಪ್ಪಿಸಿದ ಹಾಗಾಗುತ್ತೆ. ನೀವು ಹೇಳಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಕೊಟ್ಟ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಮತದಾನಕ್ಕೆ ಕೆಲವೇ ದಿನಗಳಿದ್ದಾಗ ಹೊಸ ಪಕ್ಷದ ದೊಡ್ಡ ಸಭೆ ನಡೆಯಿತು. ಸಭೆ ಮುಗಿಸಿ ಹೋಗುತ್ತಿದ್ದವರಲ್ಲಿ ಯಾರೋ ಏಣಿಯ ಮನೆಯ ಕಿಟಕಿಗೆ ಕಲ್ಲು ಹೊಡೆದರು. ಅವನದು ಮೊದಲ ಮಹಡಿ, ಬೀದಿಗೆ ಮುಖ ಮಾಡಿದ ಕೋಣೆ, ಮಕ್ಕಳು ಮಲಗುವುದು ಅಲ್ಲೇ. ಬೆಳಿಗ್ಗೆ ಸುದ್ದಿ ಬಂದದ್ದೇ ತಡ, ಅಣ್ಣ ಕೈಲಿದ್ದುದನ್ನು ಅಲ್ಲೇ ಬಿಟ್ಟು ಓಡಿದ. ನಾನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವ ಹೊತ್ತಿಗೆ ಅವನು ಕಿಟಕಿಯ ಚೌಕಟ್ಟಿನಲ್ಲಿ ಉಳಿದ ಚೂರುಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಕೈಗವಸನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದ. ಚಿಕ್ಕ ಹುಡುಗಿ ಬರಿಗಾಲಿನಲ್ಲಿ ಮಂಚದ ಮೇಲೆ ನಿಂತು ಅಳುತ್ತಿದ್ದಳು.

"ಯಾವನೋ ಅವನು, ನನ್ನ ಕೈಗೆ ಸಿಗಲಿ. ಮಕ್ಕಳಿರೋ ಮನೆಗೆ ಕಲ್ಲು ಹೊಡೀತಾನಾ, ಅವನ ಕೈ ಸೇದಿಹೋಗಾ," ಎಂದು ಅಣ್ಣ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ.

"ಮಾತಾಡಬೇಡಿ ಅಣ್ಣ, ಕೈಲಿ ಗಾಜಿದೆ," ಎಂದ ಏಣಿ.

ಅಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ಕಿರುಚಾಟದ ಭರದಲ್ಲಿ ಅಣ್ಣ ಉದ್ದನೆಯ ಚೂರೊಂದನ್ನು ಮುಷ್ಟಿಯಲ್ಲೇ ಬಿಗಿಹಿಡಿದು ಎಳೆದಿದ್ದ. ಬಲಗೈಯ ಅಂಗೈ ಅಡ್ಡಡ್ಡ ಸೀಳಿತು. ಏಣಿಯ ಹೆಂಡತಿ ತನ್ನ ಹೊದಿಕೆಯನ್ನೇ ಹರಿದುಕೊಟ್ಟಳು, ಏಣಿ ಕಟ್ಟಿದ. ಡಾಕ್ಟರು ಹೊಲಿಗೆ ಹಾಕಿ ಬೆರಳು ಕೂಡ ಕಾಣದಂತೆ ಪಟ್ಟಿ ಸುತ್ತಿದರು. ಅಣ್ಣ ಅಲ್ಲಿಂದ ನೇರ ಅಂಗಡಿಗೆ ಬಂದು, ಇದ್ದುದರಲ್ಲಿ ದಪ್ಪನೆಯ ಗಾಜನ್ನು ಆರಿಸಿ, ಏಣಿ ಅದನ್ನು ಕೂರಿಸುವವರೆಗೂ ಪಕ್ಕದಲ್ಲೇ ನಿಂತಿದ್ದ. ಮರುದಿನ ಅವನ ಅಂಗಿಯ ಮೇಲೆ ಬಿಲ್ಲೆ ಇರಲಿಲ್ಲ. ನಾನೂ ಏಣಿಯೂ ಮುಖ ಮುಖ ನೋಡಿಕೊಂಡೆವು. ಆ ವಾರವೆಲ್ಲ ಏಣಿ ಗಾಜು ಒರೆಸುತ್ತಾ ಸಿಳ್ಳೆ ಹಾಕಿದ, ಸೋದರಮಾವನ ಮಾತೆತ್ತಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡೆ.

ಮತದಾನದ ದಿನ ಏಣಿಯೇ ನಮ್ಮಿಬ್ಬರನ್ನೂ ವ್ಯಾನಿನಲ್ಲಿ ಕರೆದೊಯ್ದ. ಅವನಿಗೆ ಓಟಿಲ್ಲ, ಹೊರಗೇ ಉಳಿದ. ಅಣ್ಣನಿಗೆ ಎಡಗೈಯಲ್ಲಿ ಪೆನ್ನು ಹಿಡಿದು ಅಭ್ಯಾಸವಿಲ್ಲ. ಜೊತೆಗೊಬ್ಬರು ಹೋಗಿ ಗುರುತು ಹಾಕಿಕೊಡಬಹುದು ಎಂದು ಮತಗಟ್ಟೆಯ ಅಧಿಕಾರಿಣಿ ಹೇಳಿ, ಅಣ್ಣ ಹೇಳಿದಲ್ಲೇ ಹಾಕುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಎಲ್ಲರಿಗೂ ನನ್ನ ಮಾತೇ ಬೇಕಾಗಿತ್ತು.

ರಟ್ಟಿನ ಮರೆಯ ಹಿಂದೆ ಇಬ್ಬರೂ ತಲೆ ತಗ್ಗಿಸಿ ನಿಂತೆವು. ಅಣ್ಣ ಚೀಟಿಯನ್ನು ಹತ್ತಿರ ತಂದ, ದೂರ ಹಿಡಿದ. ಕನ್ನಡಕವನ್ನು ವ್ಯಾನಿನಲ್ಲೇ ಬಿಟ್ಟು ಬಂದಿದ್ದ, ಭೂಪ.

"ಅವರಿಗೇ ಹಾಕು," ಎಂದ, ಪಿಸುಮಾತಿನಲ್ಲಿ.

ಅವನ ಪಟ್ಟಿ ಸುತ್ತಿದ ಕೈಯತ್ತ ಬೆರಳು ಮಾಡಿದೆ. "ಕೈ ನೋಡ್ಕೋ ಅಣ್ಣ."

"ಕಲ್ಲು ಹೊಡೆದವನು ಸಿಕ್ಕಿದ್ರೆ ನಾನೇ ಅವನನ್ನ ಬಿಡಲ್ಲ. ಅದು ಬೇರೆ, ಇದು ಬೇರೆ. ನಿನ್ನ ಅತ್ತಿಗೆ ದಾರೀಲಿ ಸತ್ತಳಲ್ಲ, ಯಾರಾದ್ರೂ ಉತ್ತರ ಕೊಟ್ರಾ? ಇವತ್ತೊಂದು ದಿನ ಅವರು ನನಗೆ ಹೆದರ್ತಾರೆ. ಇದೊಂದೇ ದಿನ." ಅವನ ಕಣ್ಣು ತುಂಬಿತ್ತು.

ಪಕ್ಕದ ಚೌಕಕ್ಕೆ ಹಾಕಿದರೆ ಅವನಿಗೆ ಕಾಣುತ್ತಿರಲಿಲ್ಲ. ಏಣಿ ಉಳಿಯುತ್ತಿದ್ದ, ಚಿಕ್ಕ ಹುಡುಗಿ ಶಾಲೆ ಬಿಟ್ಟ ಮೇಲೆ ಎಂದಿನಂತೆ ಅಂಗಡಿಗೆ ಓಡಿಬರುತ್ತಿದ್ದಳು. ಪೆನ್ನು ಅಲ್ಲಿಗೇ ಹೋಗಿ ನಿಂತಿತು. ದೇವರಾಣೆಗೂ ನಿಂತಿತು. ಆದರೆ ಅಣ್ಣ ಕಾಣದ ಕಣ್ಣಿನಲ್ಲಿ ನನ್ನ ಭುಜಕ್ಕೆ ಒರಗಿ ಸುಮ್ಮನೆ ಕಾಯುತ್ತಿದ್ದ. ಗಾಜಿನ ಹಿಂದಿನ ತುದಿಯಲ್ಲಿ ಅವನು ಏಣಿಯ ಬೆನ್ನನ್ನು ನಂಬಿ ನಡೆಯುವುದು ಹೀಗೆಯೇ. ಅಂಥವನಿಗೆ ತಪ್ಪು ದಾರಿ ಹೇಳಲು ನನ್ನಿಂದಾಗಲಿಲ್ಲ. ಅವನು ಹೇಳಿದಲ್ಲೇ ಗುರುತು ಹಾಕಿದೆ.

"ಹಾಕಿದ್ಯಾ?"

"ಹಾಕಿದೆ."

ಮರುಮಾತಿಲ್ಲದೆ ನಂಬಿದ. ನನಗೆ ಅಳು ಬಂತು.

ಹೊರಗೆ ಏಣಿ ವ್ಯಾನಿಗೆ ಒರಗಿ ನಿಂತಿದ್ದ. ಅಣ್ಣನನ್ನು ಏನೂ ಕೇಳಲಿಲ್ಲ, ನನ್ನ ಮುಖ ನೋಡಿದ. ನಾನು ವ್ಯಾನಿನ ಚಕ್ರ ನೋಡಿದೆ.

"ಅವಳನ್ನ ಯಾಕೆ ನೋಡ್ತೀಯ, ನನ್ನ ಕೇಳು," ಎಂದ ಅಣ್ಣ. "ಅವರಿಗೇ ಹಾಕ್ದೆ. ನಿನ್ನ ಹತ್ರ ಸುಳ್ಳು ಹೇಳಲ್ಲ."

ಏಣಿ ತಲೆಯಾಡಿಸಿದ. ಬಾಗಿಲು ತೆಗೆದು ಅಣ್ಣನನ್ನು ಹುಷಾರಾಗಿ ಕೂರಿಸಿ, ಕನ್ನಡಕವನ್ನು ಅವನ ಎಡಗೈಗೆ ಕೊಟ್ಟ. "ಕೈ ಜೋಪಾನ," ಎಂದಷ್ಟೇ ಹೇಳಿ ಗಾಡಿ ಹೊರಡಿಸಿದ.

ಆ ಪಕ್ಷ ನಮ್ಮಲ್ಲಿ ಗೆದ್ದಿತು. ಸೋತಿದ್ದರೂ ಏಣಿ ಹೊರಡುತ್ತಿದ್ದ. ಅವನು ಹೋಗುವುದಾಗಿ ಹೇಳಿದ ದಿನ, ಆ ಸಂಜೆ ಅವನು ನನ್ನಿಂದ ಮಾತು ತೆಗೆದುಕೊಂಡು ಹೇಳಿದ್ದನ್ನೆಲ್ಲ ನಾನು ಅಣ್ಣನಿಗೆ ಹೇಳಿಬಿಟ್ಟೆ, ಮೆತ್ತಗೇನೂ ಹೇಳಲಿಲ್ಲ. ಅವನು ಗರಬಡಿದವನಂತೆ ಕೂತ.

"ಆ ಕಲ್ಲು ನಾನು ಅವನಿಗೆ ಹೊಡೆದದ್ದಲ್ಲವಲ್ಲ."

"ಗಾಜಿಗೆ ಅದು ಹೇಗೆ ಗೊತ್ತಾಗಬೇಕು?" ಎಂದೆ. ಅವತ್ತು ಅವನು ಊಟ ಮಾಡಲಿಲ್ಲ, ನನಗೂ ಸೇರಲಿಲ್ಲ.

ಏಣಿಯ ಸಾಮಾನು ಲಾರಿಗೆ ಏರುವ ದಿನ ಬೀದಿಯವರೆಲ್ಲ ಕೈಹಾಕಿದರು. ಮೇಷ್ಟ್ರು ಮಡಕೆ ಕುಡಿಕೆ ಹೊತ್ತರು, ಔಷಧದ ಅಂಗಡಿಯಾಕೆ ಮಕ್ಕಳ ಪುಸ್ತಕ ಕಟ್ಟಿಕೊಟ್ಟಳು. ಕೊನೆಗೆ ಉಳಿದದ್ದು ನಿಲುವುಗನ್ನಡಿ. ಏಣಿಯ ಮದುವೆಗೆ ಯಜಮಾನರು ಅವನ ಎತ್ತರಕ್ಕೇ ಅಳೆದು ಮಾಡಿಸಿಕೊಟ್ಟದ್ದು. ಸಾಮಾನು ಸಾಗಿಸಲು ಬಂದಿದ್ದ ಅವನ ಭಾವಮೈದುನ ಹಿಡಿಯಲು ಬಂದ. ಏಣಿ ಬೇಡವೆಂದು ತಲೆಯಾಡಿಸಿ ಬಾಗಿಲ ಕಡೆ ನೋಡಿದ. ಅಣ್ಣ ಅಲ್ಲಿ ನಿಂತಿದ್ದ. ಹೊಲಿಗೆ ಬಿಚ್ಚಿದ್ದರೂ ಅಂಗೈ ಇನ್ನೂ ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಮಾತಿಲ್ಲದೆ ಬಂದು ಹಿಂದಿನ ತುದಿ ಹಿಡಿದ.

"ಎತ್ತು," ಎಂದ ಏಣಿ.

ನಾನು ಮೆಟ್ಟಿಲ ಬುಡದಲ್ಲಿ ನಿಂತು ನೋಡುತ್ತಿದ್ದೆ. ಮೆಟ್ಟಿಲು ಇಕ್ಕಟ್ಟು. ಏಣಿ ಕೆಳಗೆ, ಅಣ್ಣ ಮೇಲೆ, ಇಬ್ಬರ ಹೆಜ್ಜೆಯೂ ಎಂದಿನಂತೆ ಕೂಡಿ ಬೀಳುತ್ತಿತ್ತು. ತಿರುವಿನ ಹತ್ತಿರ ಬಂದಾಗ ಅಣ್ಣನ ದನಿ ಕೇಳಿಸಿತು.

"ಹೋಗಬೇಡ ಕಣೋ ಏಣಿ."

ಕನ್ನಡಿ ಅಲುಗಿತು. ಏಣಿ ತಿರುಗಿ ನೋಡಲಿಲ್ಲ.

"ಗಾಜು ಕೈಲಿದೆ ಅಣ್ಣ. ಮಾತಾಡಬಾರದು."

ಇಳಿದು ಬಂದರು. ಕನ್ನಡಿಯನ್ನು ಲಾರಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕಂಬಳಿ ಹೊದಿಸಿ, ಹಗ್ಗ ಬಿಗಿದರು. ಈಗ ಇಬ್ಬರ ಕೈಯೂ ಖಾಲಿ. ಈಗ ಹೇಳೋ, ಈಗ ಹೇಳು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಏಣಿ ಕೈಗವಸು ಬಿಚ್ಚಿ, ಮಡಿಸಿ, ಜೇಬಿಗಿಟ್ಟು, ಇನ್ನೂ ನಿಂತೇ ಇದ್ದ. ಅವನು ಕಾಯುತ್ತಿದ್ದ, ಆಣೆ ಮಾಡಿ ಹೇಳುತ್ತೇನೆ. ಅಣ್ಣ ಮಾತ್ರ ಬಗ್ಗಿ, ಕಂಬಳಿಯ ಮೂಲೆಯೊಂದನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದ.