ಒಂದೇ ಸುತ್ತಿನ ಎರಡು ಟ್ಯೂಬು

ರಕ್ತ ಬೇರ್ಪಡಿಸುವ ಯಂತ್ರ ತಿರುಗಿ ತಿರುಗಿ ಕೊನೆಗೂ ನಿಂತಿತು. ವಿಜಯಶ್ರೀ ಮುಚ್ಚಳ ತೆರೆದು ಎರಡೂ ಟ್ಯೂಬುಗಳನ್ನು ಕೈಗೆತ್ತಿಕೊಂಡಳು. ರಕ್ತವೇನೋ ಚೆನ್ನಾಗಿಯೇ ಬೇರ್ಪಟ್ಟಿತ್ತು, ಕೆಳಗೆ ಕೆಂಪು, ಮೇಲೆ ತಿಳಿ ಹಳದಿ. ಆದರೆ ಒಂದರ ಮೇಲೆ ‘ಜ’, ಇನ್ನೊಂದರ ಮೇಲೆ ‘ಧ’ ಎಂದು ತಾನೇ ಬರೆದಿದ್ದ ಅಕ್ಷರಗಳು ಇರಲಿಲ್ಲ. ಎರಡರ ಮೇಲೂ ನೀಲಿ ಮಸಿಯ ಕಲೆಯಷ್ಟೇ ಉಳಿದಿತ್ತು.

ತಪ್ಪು ಅವಳದೇ. ಜಲಜಾ ಮೇಡಮ್ಮಿಗೆ ನರ ಸಿಗದೆ ಮೂರು ಸಲ ಚುಚ್ಚುವಾಗ ಟ್ಯೂಬಿನ ಹೊರಗೆ ರಕ್ತ ತಾಗಿತ್ತು. ಸ್ಪಿರಿಟ್ ಹತ್ತಿಯಿಂದ ಅದನ್ನು ಒರೆಸಿದವಳು, ಅದೇ ಕೈಯಲ್ಲಿ ಇನ್ನೊಂದನ್ನೂ ಒರೆಸಿ ಯಂತ್ರಕ್ಕಿಟ್ಟಿದ್ದಳು. ಗದಗಿನ ಲ್ಯಾಬಿನಲ್ಲಿ ಹಾಗೆಯೇ ಕಲಿತದ್ದು. ಅಲ್ಲಿ ಬಿಳಿ ಪಟ್ಟಿ ಅಂಟಿಸಿ ಪೂರ್ತಿ ಹೆಸರು ಬರೆಯುತ್ತಿದ್ದರು, ಒರೆಸಿದರೂ ಹೋಗುತ್ತಿರಲಿಲ್ಲ. ಬಸವೇಶ್ವರನಗರದ ಈ ಕ್ಲಿನಿಕ್ಕಿನಲ್ಲಿ ಹವಾನಿಯಂತ್ರಣವಿದೆ, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟುಗಳಿವೆ, ಹೆಸರಿಗೆ ಮಾತ್ರ ಮಾರ್ಕರಿನ ಒಂದೇ ಅಕ್ಷರ.

ಎದುರುಬದುರು ಎರಡು ಟ್ಯೂಬಿಡದಿದ್ದರೆ ಆ ಯಂತ್ರ ಅದುರುತ್ತದೆ. ಒಬ್ಬರ ರಕ್ತದ ಎದುರಿಗೆ ಅಷ್ಟೇ ತೂಕದ ನೀರಿಟ್ಟರೂ ನಡೆಯುತ್ತದೆ. ಆದರೆ ನೀರು ತಿರುಗಿಸುವುದು ಡಾಕ್ಟರ್ ಚಕ್ರಪಾಣಿಯವರಿಗೆ ದಂಡದ ಕೆಲಸ, ಒಂದು ಸುತ್ತಿಗೆ ಇಬ್ಬರು ಮುಗಿಯಬೇಕು. ಇವತ್ತಿನ ಜೋಡಿ ಮಂಡಿ ಸವೆದ ನಿವೃತ್ತ ಟೀಚರ್ ಜಲಜಾ, ಮತ್ತು ನಿಶ್ಚಿತಾರ್ಥದೊಳಗೆ ನೆತ್ತಿಯ ಮೇಲೆ ಕೂದಲು ಬೇಕಾಗಿದ್ದ ಧ್ರುವ. ಜಲಜಾರಿಗೆ ಇದು ಎರಡನೆಯ ಸಲ. ಮೊದಲನೆಯದಕ್ಕೇ ನೆಲದ ಮೇಲೆ ಕೂತು ಏಳುವಂತಾಯಿತೆಂದು ಅವರು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದರು.

ಅವರವರ ರಕ್ತದ ತಿಳಿಯನ್ನು ಅವರವರಿಗೇ ಚುಚ್ಚುವುದು, ಚಿಕಿತ್ಸೆ ಎಂದರೆ ಇಷ್ಟೇ. ಇನ್ನೊಬ್ಬರದು ಒಳಗೆ ಹೋದರೆ ಅವರ ಕಾಯಿಲೆಯೂ ಜೊತೆಗೆ ಹೋಗಬಹುದು. ರಕ್ತದ ಗುಂಪು ಪರೀಕ್ಷಿಸಿಯಾದರೂ ಬೇರೆ ಮಾಡೋಣವೆಂದು ವಿಜಯಶ್ರೀ ಓಡಿ ಫೈಲು ತೆರೆದು ನೋಡಿದಳು. ಇಬ್ಬರದೂ ಓ ಪಾಸಿಟಿವ್.

“ವಿಜಯಶ್ರೀ, ಆಂಟೀದು ತಗೊಂಡ್ ಬಾಮ್ಮ. ಮಂಡಿ ಕ್ಲೀನ್ ಮಾಡಾಯ್ತು.” ಒಳಗಿಂದ ಡಾಕ್ಟರ ದನಿ.

ಅವಳು ಬಾಗಿಲಲ್ಲೇ ನಿಂತು ಡಾಕ್ಟರನ್ನು ಹೊರಗೆ ಕರೆದಳು. “ಸರ್, ಬರದಿದ್ದು ಅಳಿಸಿ ಹೋಗೇತ್ರಿ. ಯಾವ್ದು ಯಾರ್ದು ಗೊತ್ತಾಗವಲ್ದು.”

ಚಕ್ರಪಾಣಿ ಎರಡನ್ನೂ ದೀಪಕ್ಕೆ ಹಿಡಿದು ನೋಡಿದರು. “ಇದು ಸ್ವಲ್ಪ ಜಾಸ್ತಿ ಹಳದಿ ಇದೆ. ವಯಸ್ಸಾದವ್ರದು ಹಿಂಗೇ ಇರತ್ತೆ. ಇದೇ ಆಂಟೀದು.”

“ಖರೇನೇನ್ರಿ ಸರ್?”

ಚಕ್ರಪಾಣಿ ಟ್ಯೂಬುಗಳನ್ನು ಅವಳ ಕೈಗೆ ವಾಪಸ್ಸಿಟ್ಟರು. “ಹೊರಗಡೆ ಆರು ಜನ ಕಾಯ್ತಾ ಇದಾರೆ. ಆ ಹುಡುಗ ತಲೆಗೆ ಮರಗಟ್ಟೋ ಕ್ರೀಮ್ ಹಚ್ಕೊಂಡು ಅರ್ಧ ಗಂಟೆ ಆಯ್ತು. ನೀನಿನ್ನೂ ಪ್ರೊಬೇಷನ್‌ನಲ್ಲಿದೀಯ, ನೆನಪಿರ್ಲಿ. ಸಿರಿಂಜಿಗೆ ತುಂಬ್ಕೊಂಡು ಬಾ.”

ಅವಳು ತುಂಬಿದಳು. ಅರ್ಧ ಸಿರಿಂಜು ಹಳದಿಯಾಗುವ ಹೊತ್ತಿಗೆ ನಿಲ್ಲಿಸಿದಳು. ಕೆಲಸ ಹೋದರೆ ನಾಯಂಡಹಳ್ಳಿಯ ಪಿಜಿ ಖಾಲಿ ಮಾಡಿ ಊರಿನ ಬಸ್ಸು ಹತ್ತಬೇಕು, ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ತುಂಬಾ ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಸಿರಿಂಜನ್ನೂ ಎರಡು ಟ್ಯೂಬುಗಳನ್ನೂ ತೆಗೆದು ಕಸದ ಕೆಂಪು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಇನ್ನು ಯಾರು ಹೇಳಿದರೂ ಅದನ್ನು ಚುಚ್ಚುವ ಹಾಗಿರಲಿಲ್ಲ.

ಜಲಜಾ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದರು. ಸೀರೆಯನ್ನು ತೊಡೆಯವರೆಗೆ ಮಡಚಿದ್ದರು, ಅಯೋಡಿನ್ ಬಳಿದ ಮಂಡಿ ಕಂದುಬಣ್ಣವಾಗಿ ಹೊಳೆಯುತ್ತಿತ್ತು.

“ಏನಮ್ಮ ಇಷ್ಟೊತ್ತು? ಕಾಲು ಜೋಮು ಹಿಡೀತು.”

“ಮೇಡಂ, ನಿಮ್ದೂ ಇನ್ನೊಬ್ರದೂ ಕೂಡೇ ಇಟ್ಟಿದ್ನಿರಿ. ಹೆಸರು ಅಳಿಸಿ ಗುರುತು ಸಿಗಲಿಲ್ಲ. ಎರಡೂ ಚೆಲ್ಲೀನಿ. ನನ್ನ ತಪ್ಪ್ರಿ. ಇನ್ನೊಮ್ಮೆ ರಕ್ತ ತಗೀಬೇಕು.”

ಬಾಗಿಲ ಬಳಿ ಚಕ್ರಪಾಣಿಯವರ ಮುಖ ಕಪ್ಪಿಟ್ಟಿತು. ಜಲಜಾ ತಮ್ಮ ತೋಳಿನ ಮೂರು ಹತ್ತಿಯುಂಡೆಗಳನ್ನು ನೋಡಿಕೊಂಡರು. ಬೈದರೆ ಬೈಸಿಕೊಳ್ಳಲು ವಿಜಯಶ್ರೀ ಸಿದ್ಧವಾಗಿಯೇ ನಿಂತಿದ್ದಳು. ಅವರು ಬೈಯಲಿಲ್ಲ. ಪಾಠದ ನಡುವೆ ಮಕ್ಕಳಿಂದ ಉತ್ತರಕ್ಕೆ ಕಾಯುವ ಹಾಗೆ ಸುಮ್ಮನೆ ಅವಳ ಮುಖ ನೋಡುತ್ತಿದ್ದರು.

“ಹೋದ ತಿಂಗಳೂ ಹಿಂಗೇ ಇಬ್ಬರದ್ದು ಒಟ್ಟಿಗೆ ಇಟ್ಟಿದ್ರಾ?”

“ಹೂಂರಿ.”

“ಅವತ್ತು ನಂಗೆ ಹಾಕಿದ್ದು ನಂದೇ ತಾನೇ?”

ಅದು ವಿಜಯಶ್ರೀ ಕೆಲಸಕ್ಕೆ ಸೇರಿದ ಎರಡನೆಯ ದಿನ. ಒಳಗಿಂದ ಡಾಕ್ಟರು ಕೂಗಿದ್ದರು, ಇವಳು ಕೈಗೆ ಹತ್ತಿರವಿದ್ದ ಟ್ಯೂಬಿನಿಂದ ಸಿರಿಂಜು ತುಂಬಿ ಕೊಟ್ಟಿದ್ದಳು. ಅಕ್ಷರ ನೋಡಿದ್ದಳೇ? ಟ್ಯೂಬು ಬೆಚ್ಚಗಿದ್ದದ್ದು ನೆನಪಾಯಿತು, ಅಕ್ಷರ ನೆನಪಾಗಲಿಲ್ಲ.

“ಆಂಟಿ, ಅದೆಲ್ಲ ಕರೆಕ್ಟಾಗೇ...” ಎಂದು ಚಕ್ರಪಾಣಿ ಮುಂದೆ ಬಂದರು.

“ನಾನು ಈ ಹುಡುಗೀನ ಕೇಳ್ದೆ ಡಾಕ್ಟ್ರೇ.”

ವಿಜಯಶ್ರೀ ಬಾಯಿ ತೆರೆದಳು. ಹೌದೆನ್ನಲು ಆಗಲಿಲ್ಲ. ಜಲಜಾ ಮಡಚಿದ್ದ ಸೀರೆಯನ್ನು ನಿಧಾನವಾಗಿ ಕೆಳಕ್ಕೆ ಎಳೆದುಕೊಂಡರು. ಒಣಗದ ಅಯೋಡಿನ್ ತಿಳಿಬಣ್ಣದ ಬಟ್ಟೆಗೆ ಹತ್ತಿ ಮಂಡಿಯಷ್ಟಗಲ ಹರಡುತ್ತಿತ್ತು, ಅವರು ಅದನ್ನು ನೋಡಲಿಲ್ಲ.