ನಡವಳಿ ಪುಸ್ತಕದ ಮೂರನೆಯ ಸಾಲು

೧
ಎಲ್ಲಿಂದ ಶುರುಮಾಡಲಿ? ಜೋಕಿನಿಂದ ಶುರುಮಾಡಿದರೆ ನೀವು ನಕ್ಕುಬಿಡಬಹುದು. ಆ ಭಯಕ್ಕೆ ಒಂದು ಡ್ರಾಫ್ಟ್ ಹರಿದಿದ್ದೇನೆ. (ಅದರ ಮೇಲೆ ಈಗ ಬಂಗಡೆ ಮೀನಿನ ತಲೆಗಳಿವೆ.)

ಪುಸ್ತಕದಿಂದ ಶುರುಮಾಡುತ್ತೇನೆ. ಅಂಕೋಲಾ ತಾಲೂಕಿನ ಒಂದು ಶಾಲೆ; ಹೆಸರು ಬೇಡ. ಅಲ್ಲಿಯ ಸಮಿತಿ ಸಭೆಯಲ್ಲಿ ಯಾರು ಏನು ಅಭಿಪ್ರಾಯ ಹೇಳಿದರೂ ನಡವಳಿ ಪುಸ್ತಕದಲ್ಲಿ ಬರೆಯಬೇಕು, ಹೇಳಿದವರು ಕೆಳಗೆ ಸಹಿ ಮಾಡಬೇಕು, ಮುಂದಿನ ಸಭೆಯಲ್ಲಿ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಬರೆಯುವವಳು ದೀಪಾ. ಅತಿಥಿ ಶಿಕ್ಷಕಿ, ಕೋಡಿಬಾಗದಿಂದ ದಿನವೂ ಬಸ್ಸಿನಲ್ಲಿ ಬರುವವಳು, ಅಕ್ಷರ ದುಂಡಗೆ. ಮುಂದಿನ ವರ್ಷವೂ ಅವಳು ಇಲ್ಲಿ ಇರಬೇಕಾದರೆ ಸಮಿತಿಯ ಅಧ್ಯಕ್ಷ ಶಿವಾನಂದರ ಒಪ್ಪಿಗೆ ಬೇಕು. ಇದನ್ನು ನೆನಪಿಡಿ, ಮತ್ತೆ ಹೇಳುವುದಿಲ್ಲ.

೨
ಕಳೆದ ಸಭೆಯ ವಿಷಯ, ಬಿಸಿಯೂಟಕ್ಕೆ ಹೊಸ ಅಡುಗೆಯವರು. ಅರ್ಜಿ ಹಾಕಿದ್ದು ಗಾಯತ್ರಿ ಸಿದ್ದಿ ಒಬ್ಬಳೇ. ಅವಳು ಅಲ್ಲಿರಲಿಲ್ಲ. ಶಿವಾನಂದರು ಅವಳ ಮೈಬಣ್ಣವನ್ನೂ ಅನ್ನದ ಪಾತ್ರೆಯ ತಳವನ್ನೂ ಸೇರಿಸಿ ಒಂದು ಜೋಕು ಹೇಳಿದರು. (ಪೂರ್ತಿ ಬರೆಯುವುದಿಲ್ಲ. ಬರೆದರೆ ಅದನ್ನು ಇನ್ನೊಂದು ಊರಿಗೆ ನಾನೇ ಮುಟ್ಟಿಸಿದಂತೆ.) ನಾಲ್ಕು ಜನ ನಕ್ಕರು. ದೀಪಾ ನಗಲಿಲ್ಲ, ಎಂದು ಬರೆದಿದ್ದೆ. ಅವಳೇ ಬಂದು ತಿದ್ದಿದಳು.

"ಸುಳ್ಳು ಬರೀಬೇಡಿ ಅಕ್ಕಾ. ಸ್ವಲ್ಪ ನಕ್ಕಿದ್ದೆ. ಪೆನ್ನಿನ ಮುಚ್ಚಳ ಬಾಯಲ್ಲಿತ್ತು, ಯಾರಿಗೂ ಕಾಣಲಿಲ್ಲ ಅಷ್ಟೆ."

ಆಯಿತು. ಸ್ವಲ್ಪ ನಕ್ಕಳು.

"ಬರ್ಕೊಳ್ಳಿ ಅಕ್ಕೋರೆ," ಎಂದರು ಶಿವಾನಂದರು ದೀಪಾಳಿಗೆ. "ಅವ್ಳು ಬ್ಯಾಡ ಅಂತ ನನ್ನ ಅಭಿಪ್ರಾಯ. ಅಭಿಪ್ರಾಯ ಹೇಳೂಕೆ ಎಲ್ಲರಿಗೂ ಹಕ್ಕದೆ."

"ಕಾರಣ ಎಂತ ಅಂತ ಬರೀಲಿ ಸರ್?"

"ಈಗ ಹೇಳಿದ್ನಲ್ಲ."

ದೀಪಾ ಪುಟದ ಮೂರನೆಯ ಸಾಲಿನಲ್ಲಿ ಬರೆದಳು: 'ನೇಮಕದ ಕುರಿತು ಅಧ್ಯಕ್ಷರು ಭಿನ್ನಾಭಿಪ್ರಾಯ ವ್ಯಕ್ತಪಡಿಸಿದರು. ತೀರ್ಮಾನ ಮುಂದಿನ ಸಭೆಗೆ.' ಶಿವಾನಂದರು ಓದಿ, ತಲೆದೂಗಿ, ಸಹಿ ಹಾಕಿದರು. ತಾವು ಇಷ್ಟು ಗಂಭೀರವಾಗಿ ಮಾತಾಡಿದ್ದೇವೆಂದು ಅವರಿಗೂ ಗೊತ್ತಿರಲಿಲ್ಲ.

(ಕುಕ್ಕರ್ ಮೂರು ಸಲ ಕೂಗಿತು. ಬಂದೆ.)

೩
ಗಾಯತ್ರಿಯ ಬಗ್ಗೆ. ಮೊದಲ ಡ್ರಾಫ್ಟಿನಲ್ಲಿ ಅವಳಿಗೆ 'ಮುಗ್ಧ ನಗೆ' ಕೊಟ್ಟಿದ್ದೆ. ಕೈಗೆ ಸಿದ್ದಿ ಜನರ ಡೋಲು, ಡಮಾಮಿ, ಕೊಟ್ಟು ಬಾರಿಸಲು ಹೇಳಿದ್ದೆ.

"ಅನ್ನ ಬಸಿಯೂಕೆ ಡಮಾಮಿ ಎಂತಕ್ಕೆ?" ಎಂದು ಕೇಳಿದಳು.

"ನಿಮ್ಮ ಸಂಸ್ಕೃತಿ ಅಂತ..."

"ಅಜ್ಜ ಬಾರಿಸ್ತಿದ್ದ. ನಂಗೆ ಬರೂದಿಲ್ಲ. ನಂಗೆ ಬರೂದು ನೂರು ಮಕ್ಕಳಿಗೆ ಸಾಂಬಾರು. ಅದನ್ನ ಎಲ್ಲೂ ಬರೀಲೇ ಇಲ್ಲ ನೀವು."

ಬರೆದಿರಲಿಲ್ಲ. ಶಿವಾನಂದರನ್ನು ಬೈಯಲು ಕೂತವಳು ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಡಮಾಮಿ ತೆಗೆದೆ. ನಗೆಯನ್ನೂ ತೆಗೆದೆ, ಬೇಕಾದಾಗ ಅವಳೇ ನಗಲಿ.

೫
(ನಾಲ್ಕು ಇಲ್ಲ. ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುವಾಗ ಹೊಳೆದದ್ದು, ಮಡಚಿಡುವಷ್ಟರಲ್ಲಿ ಹೋಯಿತು. "ಅಮ್ಮಾ, ಆ ಜೋಕು ಎಂತದು?" ಎಂದು ಕೇಳಿದಳು. ಅವಳ ಕೂದಲ ಸಿಕ್ಕು ಬಿಡಿಸುತ್ತ, "ಎದುರಿಗೆ ಗಾಯತ್ರಿ ಇದ್ದಾಗ ಹೇಳೂಕಾಗ್ತದೆ ಅನ್ನಿಸಿದರೆ ಹೇಳ್ತೇನೆ," ಎಂದೆ.)

ಸೋಮವಾರ ಗಾಯತ್ರಿ ಶಾಲೆಗೆ ಬಂದಳು. ದೀಪಾ ಪುಸ್ತಕ ತೋರಿಸಿದಳು.

"ಭಿನ್ನಾಭಿಪ್ರಾಯ ಅಂದ್ರೆ ಎಂತ ಅಂದ್ರು ಅವ್ರು?"

ದೀಪಾ ಪುಸ್ತಕ ಮುಚ್ಚಿದಳು. ಗಾಯತ್ರಿಗೆ ಹೇಗೂ ಗೊತ್ತಾಗಿತ್ತು. ನಕ್ಕ ನಾಲ್ವರಲ್ಲಿ ಒಬ್ಬರು ತಮ್ಮ ಮನೆಗೆ ಹೋಗಿ ಹೇಳಿದ್ದರು, ಅಲ್ಲಿಂದ ಊರಿಗೆ ಹಬ್ಬಿತ್ತು.

"ಇದು ಅಭಿಪ್ರಾಯವಾ ಅಕ್ಕೋರೆ? ಅನ್ನ ಮುದ್ದೆ ಮಾಡ್ತಾಳೆ ಅಂದ್ರೆ ಅದು ಅಭಿಪ್ರಾಯ. ನಾನು ಉದುರುದುರಾಗಿ ಮಾಡಿ ತೋರಿಸ್ತೆ. ಮೈಬಣ್ಣಕ್ಕೆ ಎಂತ ಮಾಡಿ ತೋರಿಸೂದು?"

"ನಾನು ಒಳ್ಳೇದಕ್ಕೇ ಹಾಗೆ ಬರೆದೆ. ನಿಮಗೆ ಬೇಜಾರಾಗ್ಬಾರ್ದು ಅಂತ."

"ನಂಗೆ ಬೇಜಾರಾಗಬಾರ್ದು ಅಂತ ಅವ್ರನ್ನ ತೊಳೆದು ಇಸ್ತ್ರಿ ಮಾಡಿ ಇಟ್ರಿ," ಎಂದಳು ಗಾಯತ್ರಿ, ದನಿ ಏರಿಸದೆ. "ಬರೆಯೂದಾದ್ರೆ ಅವ್ರು ಹೇಳ್ದಂಗೇ ಬರೀರಿ. ನಾ ಕೂತು ಕೇಳ್ತೆ."

೬
ಅಂತ್ಯಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಕ) ಶಿವಾನಂದರು ಸಾಂಬಾರು ಉಂಡು ಮನಸ್ಸು ಬದಲಿಸುತ್ತಾರೆ. (ಸಾಂಬಾರು ಚೆನ್ನಾಗಿರದಿದ್ದರೆ ಜೋಕು ಸರಿಯಾಗಿತ್ತೇ?)

ಖ) ದೀಪಾ ತಾನು ಬರೆದ ಸಾಲನ್ನೇ ಹಾಗೇ ಓದುತ್ತಾಳೆ. ಮುಂದಿನ ವರ್ಷ ಅವಳ ಕೆಲಸ ಇರುತ್ತದೆ, ಗಾಯತ್ರಿಯದು ಇರುವುದಿಲ್ಲ. ಇದೇ ಹೆಚ್ಚು ನಡೆಯುವುದು, ಆದ್ದರಿಂದ ಇದಕ್ಕೆ ಕಥೆ ಬೇಕಿಲ್ಲ.

ಗ) "ತಮಾಷೆಗೆ ಹೇಳಿದ್ದು, ಆ ಸಾಲು ಹೊಡೆದುಹಾಕಿ," ಎನ್ನುತ್ತಾರೆ ಶಿವಾನಂದರು. ಹಾಗಾದರೆ ನೇಮಕಕ್ಕೆ ಬಂದ ವಿರೋಧವೂ ಹೋಯಿತಲ್ಲ, ಎನ್ನುತ್ತಾಳೆ ದೀಪಾ. ನನಗೆ ಇದು ಇಷ್ಟ. ಆದರೆ ಅಂಥ ಮಾತು ನನಗೆ ಹೊಳೆಯುವುದು ಪಾತ್ರೆ ತೊಳೆಯುವಾಗ. ದೀಪಾಳಿಗೆ ಸಭೆಯಲ್ಲಿ ಹೊಳೆಯುತ್ತದೆಂದು ಹೇಗೆ ಹೇಳಲಿ?

೭
ಶನಿವಾರ. ಸಮಿತಿ ಕೂತಿದೆ. ಹಿಂದಿನ ಬೆಂಚಿನಲ್ಲಿ ಗಾಯತ್ರಿ. ದೀಪಾ ಎದ್ದು ಒಂದನೆಯ ಸಾಲು ಓದಿದಳು, ಎರಡನೆಯದು ಓದಿದಳು. ಮೂರನೆಯದರ ಮೇಲೆ ಬೆರಳಿಟ್ಟು ನಿಂತಳು.

"ಸರ್, ಇಲ್ಲಿ ನೀವು ಹೇಳಿದ್ದು ನಾನು ಬರೆದಿಲ್ಲ. ನಂದೇ ತಪ್ಪು. ಇನ್ನೊಮ್ಮೆ ಹೇಳಿ, ಬರ್ಕೊಳ್ತೇನೆ. ಅವರೂ ಇದ್ದಾರೆ."

ಶಿವಾನಂದರು ಗಾಯತ್ರಿಯ ಕಡೆ ನೋಡಿದರು. ಬಾಯಿ ತೆರೆದರು.

ಅವರಿಗೆ ಏನು ಮಾತು ಕೊಡಬೇಕೆಂದು ನೀವು ಕೇಳಬೇಡಿ, ನಾನು ಕೊಡುವುದಿಲ್ಲ. ಬಟ್ಟೆ ಒಣಗಿದೆ, ಒಳಗೆ ತರಬೇಕು. ಅವರು ಹಾಗೇ ಇರಲಿ, ಬಾಯಿ ತೆರೆದುಕೊಂಡು. ಗಾಯತ್ರಿ ಕೇಳಲು ಕೂತಿದ್ದಾಳೆ. ದೀಪಾ ಬರೆಯಲು ನಿಂತಿದ್ದಾಳೆ. ಪೆನ್ನಿನ ಮುಚ್ಚಳ ಈ ಸಲ ಮೇಜಿನ ಮೇಲಿದೆ.