ರುದ್ರಾಣಿಯ ಕಾಲ್ಗುಣ

ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸನ್ನು ಬೀದಿಗೆ ಬಿಡಿಸಿ ಗಂಜಿ ಸವರಲು ಶುರು ಮಾಡಿದ ಮೇಲೆ ನಡುವೆ ಯಾರೂ ಕೈಬಿಡುವಂತಿಲ್ಲ. ರೇಷ್ಮೆಯ ಎಳೆ ಒಂಚೂರು ಸಡಿಲವಾದರೂ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅಂಟಿಕೊಂಡ ಎಳೆ ಮಗ್ಗಕ್ಕೇರಿದ ಮೇಲೆ ನೇಯುವವನ ಪ್ರಾಣ ತಿನ್ನುತ್ತದೆ. ಅದಕ್ಕೇ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಯಾರ ಮನೆಯ ಹಾಸಾದರೂ ಬೀದಿಯವರೆಲ್ಲ ಬರುತ್ತಾರೆ. ಹಿಂದಿನ ದಿನ ಜುಟ್ಟು ಹಿಡಿದು ಜಗಳವಾಡಿದವರೂ ಬರುತ್ತಾರೆ. ಮುಖ ಆ ಕಡೆ ತಿರುಗಿಸಿಕೊಂಡು, ಕೈ ಮಾತ್ರ ಈ ಕಡೆ ಕೊಟ್ಟು ನಿಲ್ಲುತ್ತಾರೆ.

ಈ ಬೆಳಿಗ್ಗೆಯ ಹಾಸು ರಂಗಮ್ಮನ ಮನೆಯದು. ಅವಳ ಬಾಗಿಲ ಮುಂದಿನ ಗೂಟದಿಂದ ಬೇವಿನ ಮರದವರೆಗೆ ಅರಿಶಿನ ಬಣ್ಣದ ಎಳೆಗಳು ಬಿಗಿದು ನಿಂತಿದ್ದವು. ಬಿಸಿಲೇರುವ ಮುಂಚೆ ಕೆಲಸ ಮುಗಿಯಬೇಕು. ಪಕ್ಕದ ಮನೆಯ ಚಿನ್ನಸ್ವಾಮಿ ಉದ್ದನೆಯ ಕುಂಚ ಹಿಡಿದು ಗಂಜಿ ಎಳೆಯುತ್ತಾ ಹೋಗುತ್ತಿದ್ದ. ಅವನ ಹೆಂಡತಿ ಚಿಕ್ಕಬಸಮ್ಮ ಹಾಸಿನ ಆ ಬದಿಗೆ, ರಂಗಮ್ಮ ಈ ಬದಿಗೆ, ಒಂದೇ ಕೋಲಿನ ಎರಡು ತುದಿ ಹಿಡಿದು ನಿಂತಿದ್ದರು. ಮಿಕ್ಕವರು ಅಲ್ಲಲ್ಲಿ ಕೋಲು ಹಿಡಿದಿದ್ದರು. ಬೇವಿನ ಮರದ ಕೆಳಗೆ ಹಗ್ಗ ಜಗ್ಗಿ ಹಿಡಿದಿದ್ದವರು ಹನೂರಿನ ವೃಷಭೇಂದ್ರಪ್ಪ, ರಂಗಮ್ಮನ ಸೊಸೆ ರುದ್ರಾಣಿಯ ತಂದೆ.

ಅವರನ್ನು ಯಾರೂ ಕರೆದಿರಲಿಲ್ಲ. ಆದರೆ ಅವರೂ ನೇಯುವವರೇ. ಹನೂರಿನಲ್ಲಿ ನೂಲಿನ ಸೀರೆ ನೇಯುವ ಮನುಷ್ಯ, ಹಾಸು ಬೀದಿಗೆ ಬಂದಾಗ ಕೈಕಟ್ಟಿ ಕೂತಿರಲು ಆಗದೆ, ಪಂಚೆ ಎತ್ತಿಕಟ್ಟಿ ಎದ್ದು ಬಂದಿದ್ದರು. ನಿನ್ನೆ ಮಧ್ಯಾಹ್ನ ಬಸ್ಸಿಳಿದು ಬಂದಾಗಲೂ ಅವರು ಗಲಾಟೆ ಮಾಡಲಿಲ್ಲ. ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಬಂದ ವಿಷಯ ಹೇಳಿದರು. ಅವರ ಎರಡನೆಯ ಮಗಳಿಗೆ ಇದೇ ಚಿನ್ನಸ್ವಾಮಿಯ ಮಗನನ್ನು ಮಾತಾಡಿತ್ತು. ಈಗ ಗಂಡಿನ ಕಡೆಯವರು ಹಿಂದೇಟು ಹಾಕುತ್ತಿದ್ದಾರೆ. ಅಕ್ಕ ಹೋದ ಮನೆ ಹಾಳಾಯಿತಂತೆ, ತಂಗಿಯ ಕಾಲ್ಗುಣ ಹೇಗೋ ಏನೋ ಎನ್ನುತ್ತಿದ್ದಾರೆ. ಯಾರದು ತಪ್ಪು ಎಂದು ತಾನು ಕೇಳಲು ಬಂದಿಲ್ಲ, ಚಿನ್ನಸ್ವಾಮಿಯ ಮನೆಯವರಿಗೆ ರಂಗಮ್ಮ ಒಂದು ಒಳ್ಳೆಯ ಮಾತು ಹೇಳಿದರೆ ಸಾಕು, ಬೆಳಗಿನ ಬಸ್ಸಿಗೆ ಹೊರಟುಹೋಗುತ್ತೇನೆ ಎಂದರು. ರಂಗಮ್ಮ ಅವರ ಕಾಲಿನ ಧೂಳು ನೋಡುತ್ತಾ, "ನೋಡುವ" ಅಂದಿದ್ದಳು. 

ನೋಡುವುದಕ್ಕೆ ಏನಿತ್ತು? ಎಲ್ಲ ಅವಳೇ ಕಣ್ಣಾರೆ ನೋಡಿದ್ದು, ಕೈಯಾರೆ ಮಾಡಿದ್ದು.

ಮಗ ಜಡೇಸ್ವಾಮಿ ಒಂದು ಕಾಲಕ್ಕೆ ಬೀದಿಯ ಹೆಮ್ಮೆಯಾಗಿದ್ದ. ಯಾವ ಅಂಚನ್ನಾದರೂ ಒಮ್ಮೆ ನೋಡಿದರೆ ಸಾಕು, ಮೂರೆತ್ತು, ಎರಡು ಬಿಡು, ಐದೆತ್ತು ಎಂದು ಅದರ ಎಳೆಗಳ ಲೆಕ್ಕವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಹದಿನಾರಕ್ಕೇ ಮಗ್ಗಕ್ಕಿಳಿದು ಮನೆ ಎತ್ತಿಹಿಡಿದ. ಹತ್ತೊಂಬತ್ತಕ್ಕೆ ಮರಡಿಗುಡ್ಡದ ತಪ್ಪಲಲ್ಲಿ ಚಿಲುಮೆ ಸೇದುವ ಗುಂಪಿಗೆ ಬಿದ್ದ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಸರ್ಕಾರ ಹೆಂಡ, ಗಾಂಜಾ ಎಲ್ಲಕ್ಕೂ ತಡೆ ಹಾಕಿತ್ತು ನಿಜ, ಆದರೆ ಪಾಲಾರಿನ ಕಡೆಯಿಂದ ಬಂಗಿಸೊಪ್ಪು ಬರುವುದು ನಿಂತಿರಲಿಲ್ಲ. ಜಡೇಸ್ವಾಮಿ ಲಾಳಿ ಹಿಡಿದು ಸುಮ್ಮನೆ ಕೂರಲು ಶುರು ಮಾಡಿದ. ಐದೆತ್ತು ಎಂದವನು ಮುಂದಿನದು ಸಿಗದೆ, ಕಳೆದದ್ದನ್ನು ಹುಡುಕುವವನಂತೆ ಎಳೆಗಳನ್ನೇ ನೋಡುತ್ತಿದ್ದ. ಕರೆದರೆ ಒಮ್ಮೊಮ್ಮೆ ಓಗೊಡುತ್ತಿದ್ದ, ಒಮ್ಮೊಮ್ಮೆ ಯಾಕೆ ಕೂಗಿದೆ ಎಂದು ಹರಿಹಾಯುತ್ತಿದ್ದ. ಮದುವೆಯಾದರೆ ಸರಿಹೋಗುತ್ತಾನೆ ಎಂದು ರಂಗಮ್ಮ ಅಂದುಕೊಂಡಳು. ಹೆಣ್ಣು ಕೊಡುವವರಿಗೆ ಚಿಲುಮೆಯ ವಿಷಯ ಹೇಳಲಿಲ್ಲ.

ರುದ್ರಾಣಿ ಬಂದಳು. ಹದಿನೆಂಟರ ಹುಡುಗಿ, ಮಾತು ಕಮ್ಮಿ, ಕಣ್ಣು ಚುರುಕು. ಗಂಡನಿಗೆ ಲೆಕ್ಕ ತಪ್ಪುತ್ತದೆ ಎಂದು ತಿಂಗಳೊಳಗೆ ಕಂಡುಕೊಂಡಳು. ಯಾರಿಗೂ ಹೇಳದೆ ತಾನೇ ಲೆಕ್ಕ ಕಲಿತಳು. ಮಗ್ಗದ ಗುಂಡಿಯ ಪಕ್ಕ ಲಾಳಿಯ ಕಂಡಿಕೆಗೆ ನೂಲು ಸುತ್ತುವ ನೆಪದಲ್ಲಿ ಕೂತು, ಬೀದಿಗೆ ಕೇಳದ ಹಾಗೆ, ಮೂರೆತ್ತು, ಎರಡು ಬಿಡು ಎಂದು ಹೇಳಿಕೊಡುತ್ತಿದ್ದಳು. ಅಂಚು ಸರಿಯಾಗಿ ಇಳಿಯುತ್ತಿತ್ತು. ಗಂಡನ ಮರ್ಯಾದೆಯೂ ಉಳಿಯುತ್ತಿತ್ತು.

ರಂಗಮ್ಮ ಅಷ್ಟಕ್ಕೆ ಬಿಟ್ಟಿದ್ದರೆ! ಒಂದು ಸಲ ಮಗ ಮೂರು ದಿನ ಮನೆಗೆ ಬರದೆ ಹೋದ. ಹುಡುಕಿ ತಂದ ಮೇಲೆ ಅವಳಿಗೊಂದು ಯೋಚನೆ ಬಂತು. ಹೊರಗೆ ಹೋಗಿ ಕಂಡವರ ಜೊತೆ ಸೇದುವುದಕ್ಕಿಂತ, ಇಷ್ಟೇ ಇಷ್ಟು ಮನೆಯಲ್ಲೇ ಕೊಟ್ಟರೆ ಹತೋಟಿಯಲ್ಲಿರುತ್ತಾನಲ್ಲ ಎಂದು. ಕೌದಳ್ಳಿ ದಾರಿಯಲ್ಲಿ ಮಾದಸ್ವಾಮಿ ಎಂಬುವನು ಸೊಪ್ಪು ಮಾರುತ್ತಾನೆಂದು ಕೇಳಿ, ಸೆರಗು ಮುಖಕ್ಕೆಳೆದುಕೊಂಡು ಹೋಗಿ ತಂದಳು. ತುಪ್ಪದಲ್ಲಿ ಹುರಿದು, ಬೆಲ್ಲದಲ್ಲಿ ಕುಟ್ಟಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದಳು. ಸೊಸೆಗೂ ಗೊತ್ತಾಗದಂತೆ ದಿನಾ ಬೆಳಿಗ್ಗೆ ಒಂದೊಂದನ್ನು ರೊಟ್ಟಿಯ ಜೊತೆ ಅವನ ತಟ್ಟೆಗಿಡುತ್ತಿದ್ದಳು. ಅವನಿಗೂ ಹೇಳಲಿಲ್ಲ. ಹತ್ತು ದಿನ ಅವನು ಮಗ್ಗ ಬಿಟ್ಟು ಏಳಲಿಲ್ಲ. ತಾನು ಗೆದ್ದೆನೆಂದು ಅವಳು ಹಿಗ್ಗಿದಳು.

ಆಮೇಲೆ ಅವನು ಅನ್ನದಲ್ಲಿ ಏನೋ ಇದೆ ಎನ್ನತೊಡಗಿದ. ಹೆಂಡತಿ ಬಡಿಸಿದ್ದನ್ನು ಮೂಸಿ ನೋಡಿ ತಟ್ಟೆ ತಳ್ಳುತ್ತಿದ್ದ. ಬೀದಿಯ ಮಗ್ಗಗಳೆಲ್ಲ ತನ್ನ ಹೆಸರು ಹಿಡಿದು ಬಡಿದುಕೊಳ್ಳುತ್ತವೆ ಎಂದು ಕಿವಿ ಮುಚ್ಚಿಕೊಂಡು ಮೂಲೆಗೆ ಸೇರುತ್ತಿದ್ದ. ಒಂದು ದಿನ ಕತ್ತರಿ ತಕ್ಕೊಂಡು ಮಗ್ಗದಲ್ಲಿದ್ದ ಹಾಸನ್ನು ಈ ಕೊನೆಯಿಂದ ಆ ಕೊನೆಗೆ ಕತ್ತರಿಸಿಹಾಕಿದ. ನೇಕಾರರ ಮನೆಯಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನಿಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅವತ್ತು ಸಂಜೆ ಬಾವಿಕಟ್ಟೆಯಲ್ಲಿ ಚಿಕ್ಕಬಸಮ್ಮ ಏನಾಯಿತು ಎಂದು ಕೇಳಿದಾಗ ರಂಗಮ್ಮ, "ಯಾರ ಕಾಲ್ಗುಣವೋ ಏನೋ ಕಣವ್ವ" ಅಂದುಬಿಟ್ಟಳು. ಕೊಡ ತುಂಬುವಷ್ಟರಲ್ಲಿ ಆಡಿದ ಮಾತು. ಅದು ಅವಳಿಗಿಂತ ಮುಂಚೆ ಬೀದಿ ಸುತ್ತಿ ಬಂತು. ಎಂಟು ದಿನದಲ್ಲಿ ರುದ್ರಾಣಿ ಹನೂರಿನ ಬಸ್ಸು ಹತ್ತಿದಳು. ಉಂಡೆ ಕೊಡುವುದನ್ನು ನಿಲ್ಲಿಸಿ ಈಗ ಎರಡು ತಿಂಗಳಾಯಿತು. ಮಗ ಕೂಗಾಡುವುದು ನಿಂತಿತ್ತು, ಆದರೆ ಅಂಚಿನ ಲೆಕ್ಕ ಮರಳಿ ಬಂದಿರಲಿಲ್ಲ, ಸಾದಾ ನೇಯ್ಗೆ ಮಾತ್ರ ಕೈಗೆ ಉಳಿದಿತ್ತು.

ಚಿನ್ನಸ್ವಾಮಿಯ ಕುಂಚ ಬೇವಿನ ಮರದವರೆಗೆ ಹೋಗಿ ತಿರುಗಿತು. ಅಲ್ಲೆಲ್ಲೋ ಒಂದು ಎಳೆ ಕಡಿದಿರಬೇಕು. ವೃಷಭೇಂದ್ರಪ್ಪ ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು, ಬಗ್ಗಿ, ಕಡಿದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದು ಸೇರಿಸಿದರು. ಸೇರಿಸಿದ ಮೇಲೆ ಎಳೆಯನ್ನು ಬೆರಳಿಂದ ಮೆಲ್ಲಗೆ ಮೀಟಿ ನೋಡಿದರು. ಸ್ವಂತ ಮನೆಯ ಹಾಸಾಗಿದ್ದರೂ ಅದಕ್ಕಿಂತ ಹೆಚ್ಚು ನಿಗಾ ಇಡುತ್ತಿರಲಿಲ್ಲ. ರಂಗಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ಪಾಪ," ಅಂದಳು ಚಿಕ್ಕಬಸಮ್ಮ ಕೋಲಿನ ಆ ತುದಿಯಿಂದ, ಸಣ್ಣ ದನಿಯಲ್ಲಿ. "ಇನ್ನೊಬ್ಬಳನ್ನೂ ಮನೇಲೇ ಇಟ್ಕಬೇಕಾಯ್ತದೆ ಆವಯ್ಯ."

 ಈ ಹೊತ್ತು ಹೋದರೆ ಇವರೆಲ್ಲ ಅವರವರ ಮನೆ ಸೇರುತ್ತಾರೆ, ತಾನೂ ಬಾಗಿಲು ಹಾಕಿಕೊಳ್ಳುತ್ತೇನೆ, ಮತ್ತೆ ಬಾಯಿ ಬರುವುದಿಲ್ಲ ಎಂದು ರಂಗಮ್ಮನಿಗೆ ಗೊತ್ತಿತ್ತು. ಈಗಾದರೆ ಯಾರೂ ಎದ್ದುಹೋಗುವಂತಿರಲಿಲ್ಲ, ತಾನೂ ಸಹ.

"ಕೋಲು ಬುಡಬ್ಯಾಡ ಚಿಕ್ಕಬಸಮ್ಮ," ಅಂದಳು. ದನಿ ಅವಳಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು. "ಎಲ್ರೂ ಕೇಳ್ಕಳಿ. ನನ್ ಸೊಸೆ ಕಾಲ್ಗುಣದಲ್ಲಿ ಏನೂ ಐಬಿಲ್ಲ. ನನ್ ಮಗ ಮದ್ವೆಗೆ ಎರಡ್ ವರ್ಸ ಮುಂಚಿಂದ್ಲೂ ಬಂಗಿ ಸೇದ್ತಿದ್ದ. ಅದ್ರಿಂದ್ಲೇ ಅವನ್ ತಲೆ ಕೆಟ್ಟದ್ದು. ನಂಗೊತ್ತಿತ್ತು. ಗೊತ್ತಿದ್ದೇ ಆ ಮಗೀನ ತಂದೆ. ಕಾಲ್ಗುಣ ಅಂತ ಮೊದ್ಲು ಬಾಯ್ಬುಟ್ಟೋಳೂ ನಾನೇ."

ಕುಂಚ ನಿಂತಿತು. ಯಾರಾದರೂ ಬೈಯಲಿ ಎಂದು ರಂಗಮ್ಮ ಕಾದಳು. ಚಿಕ್ಕಬಸಮ್ಮ ಬಾಯಿಗೆ ಸೆರಗು ಹಿಡಿಯಲು ಹೋಗಿ, ಕೈ ಬಿಡುವಂತಿಲ್ಲವೆಂದು ನೆನಪಾಗಿ, ಎಳೆಗಳನ್ನೇ ದಿಟ್ಟಿಸಿದಳು. ಬೇವಿನ ಮರದ ಕಡೆ ನೋಡುವ ಧೈರ್ಯ ರಂಗಮ್ಮನಿಗೆ ಬರಲಿಲ್ಲ. ಚಿನ್ನಸ್ವಾಮಿ, ಗಂಜಿ ಒಣಗ್ತದೆ ಎಂದು ಯಾರಿಗೋ ಹೇಳುವಂತೆ ಹೇಳಿ, ಕುಂಚ ಎಳೆದ. ಮಿಕ್ಕವರು ಎಳೆಗಳಿಂದ ತಲೆ ಎತ್ತದೆ ಕೋಲು ಹಿಡಿದು ನಿಂತರು. ರಂಗಮ್ಮ ತನ್ನ ಆಯುಸ್ಸಿನಲ್ಲಿ ಅಷ್ಟು ಉದ್ದದ ಹಾಸನ್ನು ಹಿಡಿದಿರಲಿಲ್ಲ.

ಕೆಲಸ ಮುಗಿದ ಮೇಲೆ ಕೈಕೊಟ್ಟವರಿಗೆ ಕಡಲೆಪುರಿ, ಬೆಲ್ಲ ಕೊಡುವುದು ವಾಡಿಕೆ. ರಂಗಮ್ಮ ತಟ್ಟೆ ತಂದು ಜಗಲಿಯ ಮೇಲಿಟ್ಟಳು. ಇಬ್ಬರು ಮೂವರು ತೆಗೆದುಕೊಂಡರು, ಮಿಕ್ಕವರು ಒಲೆ ಮೇಲೆ ಹಾಲಿದೆ, ನೀರಿಗೆ ಹೋಗಬೇಕು ಎಂದು ಜಾರಿಕೊಂಡರು. ಚಿನ್ನಸ್ವಾಮಿ ಮಾತ್ರ ಕುಂಚ ತೊಳೆದಿಟ್ಟು, ವೃಷಭೇಂದ್ರಪ್ಪನವರ ಹತ್ತಿರ ಹೋಗಿ, ಬರುವ ಸೋಮವಾರ ಹನೂರಿಗೆ ಬರುತ್ತೇವೆ ಬೀಗರೇ ಎಂದು ನೆಲ ನೋಡುತ್ತಾ ಹೇಳಿದ.

ವೃಷಭೇಂದ್ರಪ್ಪ ಅದಕ್ಕೆ ತಲೆಯಾಡಿಸಿ ರಂಗಮ್ಮನ ಜಗಲಿಗೆ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. "ಬೀದೀಗೆ ಏಳ್ದದ್ದಾಯ್ತು," ಅಂದರು. "ನನ್ ಮಗಳಿಗೂ ಏಳ್ಬೇಕಲ್ವಾ. ಒರಡಿ, ಬಸ್ಸಿಗೆ ಒತ್ತಾಯ್ತದೆ."

ರಂಗಮ್ಮ ಸೀರೆ ಬದಲಿಸಿಕೊಂಡು ಬಂದಳು. ಜಡೇಸ್ವಾಮಿ ಎದ್ದು ಬಂದು ಜಗಲಿಯಲ್ಲಿ ಕೂತಿದ್ದ. ಹೊರಡುವ ಮುಂಚೆ ಅವನ ಹೊಟ್ಟೆಗೆ ಏನಾದರೂ ಆಗಲಿ ಎಂದು ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಅವನು ಪುರಿಯನ್ನು ಒಂದು ಹಿಡಿ ತೆಗೆದುಕೊಂಡ. ಬೆಲ್ಲದ ಅಚ್ಚನ್ನು ಬೆರಳಲ್ಲಿ ಅಂಚಿಗೆ ಸರಿಸಿದ.

"ಬೆಲ್ಲ ಬ್ಯಾಡ. ಅವ್ಳು ಇದ್ರಲ್ಲಿ ಏನೋ ಆಕಿರ್ತಾಳೆ."

ವೃಷಭೇಂದ್ರಪ್ಪ ಮೆಟ್ಟಿಲ ಕೆಳಗೆ ಮೆಟ್ಟು ಹಾಕಿಕೊಳ್ಳಲು ಬಗ್ಗಿದ್ದರು. ಬಗ್ಗಿದವರು ಹಾಗೇ ನಿಂತರು. ರಂಗಮ್ಮ ಸುಮ್ಮನಿದ್ದರೂ ಆಗುತ್ತಿತ್ತು. ಬೀದಿ ಖಾಲಿಯಾಗಿತ್ತು, ಹುಡುಗಿಯ ಹೆಸರಿಗೆ ಅಂಟಿದ್ದು ತೊಳೆದುಹೋಗಿತ್ತು, ತಲೆ ಕೆಟ್ಟವನ ಮಾತನ್ನು ಯಾರು ಹಿಡಿಯುತ್ತಾರೆ? ಬೀದಿಯ ಮುಂದೆ ಹೇಳಿದ್ದು ಅರ್ಧ. ಇನ್ನರ್ಧ ಅವಳ ಜೊತೆಗೇ ಮಣ್ಣಾಗಬಹುದಿತ್ತು.

ಅವಳು ಮಗನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವ್ಳಲ್ಲ ಕಣಪ್ಪ," ಅಂದಳು. "ನಾನು. ಸೊಪ್ಪು ಕುಟ್ಟಿ ಬೆಲ್ಲದಲ್ಲಿ ಕೊಡ್ತಿದ್ದೋಳು ನಾನು. ಅವ್ಳಿಗೆ ಗೊತ್ತೇ ಇರ್ನಿಲ್ಲ."

 ಜಡೇಸ್ವಾಮಿಗೆ ಕೋಪ ಬರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಲೆಕ್ಕ ತಪ್ಪಿ ತನ್ನ ಲೆಕ್ಕ ಸರಿ ಬಂದಾಗ ಹೇಳುತ್ತಿದ್ದ ಹಾಗೆಯೇ, "ನಾ ಏಳಿರ್ನಿಲ್ವಾ," ಅಂದ.

ವೃಷಭೇಂದ್ರಪ್ಪ ಮೆಟ್ಟು ಹಾಕಿಕೊಂಡು ಬಸ್ ಸ್ಟಾಂಡಿನ ಕಡೆ ನಡೆದರು. ಬನ್ನಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ರಂಗಮ್ಮ ಹತ್ತು ಮಾರು ಬಿಟ್ಟು ಹಿಂದೆ ಹೋದಳು. ಅವರ ಪಂಚೆಯ ಅಂಚಿಗೆ ಅವಳ ಮನೆಯ ಹಾಸಿನ ಗಂಜಿ ಮೆತ್ತಿ, ಒಣಗಿ, ಬೆಳ್ಳಗೆ ಗಟ್ಟಿಯಾಗಿತ್ತು. ದಾರಿಯುದ್ದಕ್ಕೂ ಅವಳು ಅದನ್ನೇ ನೋಡುತ್ತಾ ನಡೆದಳು.